ಹೂಡಿಕೆಗೆ ಕಾಂಡೊ ಆಫರ್ ಬಂದಿದೆಯೇ? ಮುಂಗಡ ಕೊಡುವ ಮೊದಲು ಅಪಾಯ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಾಂಡೊ, ಅಂದರೆ ಬಹುಮಹಡಿ ಕಟ್ಟಡದಲ್ಲಿನ ಸ್ವಂತ ಫ್ಲ್ಯಾಟ್, ಕೊಂಡವರಿಗೆ ಸಿಗುವುದು ಎರಡು: ಗೋಡೆಗಳ ಒಳಗಿನ ಮನೆ, ಅದರ ಜೊತೆಗೆ ಲಿಫ್ಟು, ಚಾವಣಿ, ಸಂಪು, ಪಾರ್ಕಿಂಗ್, ಕಾರಿಡಾರುಗಳಲ್ಲಿ ಒಂದು ಪಾಲು. ಪಾಲು ಅಂದಮೇಲೆ ಅದರ ಖರ್ಚಿನಲ್ಲೂ ಪಾಲು. ಬ್ರೋಷರ್ ತೋರಿಸುವುದು ಮೊದಲನೆಯದನ್ನು ಮಾತ್ರ. ದುಡ್ಡು ಕೈಬಿಡುವುದು ಹೆಚ್ಚಾಗಿ ಎರಡನೆಯದರಲ್ಲಿ, ಇಲ್ಲವೇ 'ಖಾತರಿ ಬಾಡಿಗೆ' (ಇಷ್ಟು ವರ್ಷ ಇಷ್ಟು ಬಾಡಿಗೆ ಕೊಟ್ಟೇ ಕೊಡುತ್ತೇವೆ ಎಂಬ ಭರವಸೆ) ಎಂಬ ಸಾಲಿನಲ್ಲಿ.

ಆಫರ್‌ನಲ್ಲಿ ಕಾಣುವ ಪ್ರತಿ ಶೇಕಡಾ ಅಂಕಿಗೂ ಒಬ್ಬ ಹೊಣೆಗಾರ ಇರಬೇಕು, ಒಂದು ಕೊನೆಯ ದಿನಾಂಕವೂ ಇರುತ್ತದೆ. ಈ ಅಂಕಿಯನ್ನು ಯಾರು ಕೊಡುತ್ತೇನೆ ಎನ್ನುತ್ತಿದ್ದಾರೆ, ಎಲ್ಲಿಯವರೆಗೆ ಕೊಡುತ್ತಾರೆ ಎಂಬ ಎರಡು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಗದಿದ್ದರೆ ಆ ಅಂಕಿಯನ್ನು ಸೊನ್ನೆ ಎಂದೇ ಓದಿ. ಕೆಳಗಿನ ಹಂತಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ಜೋಡಿಸಿದ್ದೇವೆ. ಮೊದಲಿನವಕ್ಕೆ ನಿಮ್ಮ ಸಮಯ ಬಿಟ್ಟರೆ ಬೇರೆ ಖರ್ಚಿಲ್ಲ. ಕೆಟ್ಟ ಆಫರ್‌ಗಳು ಸಾಮಾನ್ಯವಾಗಿ ವಕೀಲರ ಫೀಸು ಕೊಡುವ ಮೊದಲೇ ಬಯಲಾಗುತ್ತವೆ.

ಹಂತ 1: ದುಡ್ಡಿಗಿಂತ ಮೊದಲು ಕಾಗದ ಕೇಳಿ

ಫೋನಿನಲ್ಲಿ ಮಾತಾಡಿದ್ದಕ್ಕೆ ಬೆಲೆಯಿಲ್ಲ. ಇಮೇಲ್‌ನಲ್ಲಿ ಇಷ್ಟನ್ನು ಕೇಳಿ:

- ಮಾರಾಟದ ಕರಾರಿನ ಪೂರ್ತಿ ಕರಡು, ಎಲ್ಲ ಅನುಬಂಧಗಳ ಸಮೇತ
- ಯೋಜನೆಯ ಸರ್ಕಾರಿ ನೋಂದಣಿ ಸಂಖ್ಯೆ, ಮಂಜೂರಾದ ನಕ್ಷೆ
- ಕಟ್ಟಡ ಹಳೆಯದಾದರೆ ಮನೆ ಮಾಲೀಕರ ಸಂಘದ 3 ವರ್ಷದ ಆಡಿಟ್ ಆದ ಲೆಕ್ಕ, ಈ ವರ್ಷದ ಬಜೆಟ್, 2 ವರ್ಷದ ಸಭೆಯ ನಡಾವಳಿ
- ಮೀಸಲು ನಿಧಿಯ (ದೊಡ್ಡ ರಿಪೇರಿಗಳಿಗೆಂದು ಸಂಘ ಕೂಡಿಡುವ ಹಣದ) ಅಧ್ಯಯನ ವರದಿ, ವಿಮೆ ಪಾಲಿಸಿ, ಬಾಕಿ ಇರುವ ಕೋರ್ಟ್ ಪ್ರಕರಣಗಳ ಪಟ್ಟಿ
- ಬಾಡಿಗೆ ಖಾತರಿ ಇದ್ದರೆ ಅದರ ಪ್ರತ್ಯೇಕ ಕರಾರು

ಇಲ್ಲಿ ಸಿಗುವ ಉತ್ತರವೇ ಮೊದಲ ಪರೀಕ್ಷೆ. "ಬುಕಿಂಗ್ ಆದಮೇಲೆ ಕಳಿಸುತ್ತೇವೆ" ಎಂದರೆ ಅಲ್ಲಿಗೇ ನಿಲ್ಲಿಸಿ. ನೂರಾರು ಖರೀದಿದಾರರಿಗೆ ಕೊಡುವ ಕರಾರಿನ ಕರಡು ಸಿದ್ಧವಾಗಿಯೇ ಇರುತ್ತದೆ; ಅದನ್ನು ತಡೆಹಿಡಿಯಲು ಒಳ್ಳೆಯ ಕಾರಣವೇ ಇಲ್ಲ. "ಇವತ್ತು ಸಂಜೆಯೊಳಗೆ ಟೋಕನ್ ಕೊಟ್ಟರೆ ಮಾತ್ರ ಈ ರೇಟು" ಎನ್ನುವುದೂ ಇದೇ ಜಾತಿಯದು. ಓದಲು ಬೇಕಾದ ಸಮಯವನ್ನು ನಿಮ್ಮಿಂದ ಕಿತ್ತುಕೊಳ್ಳುವುದಷ್ಟೇ ಅದರ ಉದ್ದೇಶ.

ಕೆನಡಾದ ಒಂಟಾರಿಯೊದಲ್ಲಿ ಸಂಘವು 'ಸ್ಟೇಟಸ್ ಸರ್ಟಿಫಿಕೇಟ್' ಎಂಬ ಒಂದೇ ದಾಖಲೆಯಲ್ಲಿ ಮೀಸಲು ನಿಧಿ, ಬಾಕಿ, ಪ್ರಕರಣಗಳ ವಿವರವನ್ನೆಲ್ಲ ಕೊಡಬೇಕು; ಕೇಳಿದ 10 ದಿನದೊಳಗೆ. ನೀವು ಕೊಳ್ಳುವ ಊರಿನಲ್ಲಿ ಅಂಥ ಒಂದೇ ದಾಖಲೆ ಇರದಿದ್ದರೂ ಬಿಡಿಬಿಡಿಯಾಗಿ ಕೇಳಲು ಅಡ್ಡಿಯಿಲ್ಲ.

ಹಂತ 2: ಮಾರುವವರು ಯಾರು, ದುಡ್ಡು ಯಾರ ಖಾತೆಗೆ

ಬೋರ್ಡಿನ ಮೇಲೆ ದೊಡ್ಡ ಹೆಸರಿದ್ದರೂ ಕರಾರಿಗೆ ಸಹಿ ಹಾಕುವುದು ಆ ಒಂದು ಯೋಜನೆಗಾಗಿಯೇ ಹುಟ್ಟುಹಾಕಿದ ಬೇರೆ ಕಂಪನಿ ಆಗಿರಬಹುದು. ಅದು ತಪ್ಪಲ್ಲ, ಎಲ್ಲೆಡೆ ಇರುವ ರೂಢಿ. ಆದರೆ ಯೋಜನೆ ಮುಗಿದ ಮೇಲೆ ಆ ಕಂಪನಿಯಲ್ಲಿ ಏನೂ ಉಳಿದಿರುವುದಿಲ್ಲ. ಮೂಲ ಕಂಪನಿ ಲಿಖಿತವಾಗಿ ಜಾಮೀನು ನಿಂತಿದೆಯೇ ನೋಡಿ.

ನೋಂದಣಿ ಸಂಖ್ಯೆಯನ್ನು ಬ್ರೋಷರ್‌ನ ಲಿಂಕ್ ಒತ್ತಿ ಪರಿಶೀಲಿಸಬೇಡಿ. ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟನ್ನು ನೀವೇ ಹುಡುಕಿ ತೆರೆದು ಸಂಖ್ಯೆ ಹಾಕಿ. ಕಂಪನಿಯ ಹೆಸರು, ಸರ್ವೆ ನಂಬರ್, ಮಹಡಿಗಳ ಸಂಖ್ಯೆ, ಮುಗಿಸುವ ದಿನಾಂಕ ಈ ನಾಲ್ಕೂ ಆಫರ್‌ಗೆ ತಾಳೆಯಾಗಬೇಕು. ಮಂಜೂರಾತಿ 14 ಮಹಡಿಗಿದ್ದು ನಿಮಗೆ ತೋರಿಸುತ್ತಿರುವ ಮನೆ 17ನೆಯದರಲ್ಲಿದ್ದರೆ ಮುಂದಿನ ಹಂತ ಬೇಡ.

'ಪ್ರೀ-ಲಾಂಚ್', ಅಂದರೆ ಯೋಜನೆ ಅಧಿಕೃತವಾಗಿ ಶುರುವಾಗುವ ಮೊದಲಿನ ಬೆಲೆಯ ಆಮಿಷಕ್ಕೆ ಇಲ್ಲೇ ಉತ್ತರವಿದೆ. ಭಾರತದಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಬೇಕಾದ ಯೋಜನೆಯನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ಜಮೀನು ಮತ್ತು ನಿರ್ಮಾಣಕ್ಕೇ ಬಳಸಬೇಕು. ದುಬೈನಲ್ಲಿ 2007ರ 8ನೇ ಕಾನೂನು ನಿರ್ಮಾಣ ಹಂತದ ಮನೆಗಳ ಹಣವನ್ನು ಎಸ್ಕ್ರೋ ಖಾತೆಯಲ್ಲಿ (ಬಿಲ್ಡರ್ ಮನಬಂದಂತೆ ತೆಗೆಯಲಾಗದ ಪ್ರತ್ಯೇಕ ಖಾತೆ) ಇಡಿಸುತ್ತದೆ. ಇಂಥ ಖಾತೆಯ ಹೆಸರು ಕರಾರಿನಲ್ಲೇ ಇರುತ್ತದೆ. ನಿಮ್ಮನ್ನು ಬೇರೆ ಖಾತೆಗೆ, ಬೇರೆ ಹೆಸರಿನ ಕಂಪನಿಗೆ, ಏಜೆಂಟನ ಸ್ವಂತ ಖಾತೆಗೆ ಹಾಕಲು ಹೇಳಿದರೆ, ಅಥವಾ ಒಂದು ಭಾಗವನ್ನು ನಗದಾಗಿ ಕೇಳಿದರೆ ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ. ಹಣ ಕಳಿಸುವ ಹೊತ್ತಿಗೆ "ಖಾತೆ ಬದಲಾಗಿದೆ" ಎಂಬ ಇಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಮಾಡಿ.

ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಮುಗಿಸಿದ ಕಟ್ಟಡಕ್ಕೆ ಒಮ್ಮೆ ಸಂಜೆ ಏಳರ ಮೇಲೆ ಹೋಗಿ. ದೀಪ ಹತ್ತಿರುವ ಕಿಟಕಿಗಳನ್ನು ಎಣಿಸಿ. ಅರ್ಧಕ್ಕರ್ಧ ಕತ್ತಲಿದ್ದರೆ ಅಲ್ಲಿ ಬಾಡಿಗೆದಾರರಿಲ್ಲ. ಬೇಸ್‌ಮೆಂಟಿಗೆ ಇಳಿದು ಕಂಬಗಳ ಬುಡ, ಚಾವಣಿಯ ಕೂಡುಗೆರೆಗಳನ್ನು ನೋಡಿ: ಬಿಳಿ ಉಪ್ಪಿನ ಪದರ, ತುಕ್ಕಿನ ಕಂದು ಗೆರೆ, ಸಿಮೆಂಟ್ ಉದುರಿ ಹೊರಬಂದ ಕಂಬಿ ಕಂಡರೆ ನೀರು ಬಹಳ ದಿನದಿಂದ ಇಳಿಯುತ್ತಿದೆ ಎಂದರ್ಥ. ಹೊಸದಾಗಿ ಒಂದೇ ಜಾಗಕ್ಕೆ ಪೇಂಟ್ ಬಳಿದಿದ್ದರೆ ಅದರ ಸುತ್ತ ಕೈಯಾಡಿಸಿ.

ಹಂತ 3: ರಿಯಾಯಿತಿ ಯಾವ ಬೆಲೆಯ ಮೇಲೆ?

"ಶೇ. 20 ಡಿಸ್ಕೌಂಟ್" ಎಂದಾಗ ಮೂಲ ಬೆಲೆಯನ್ನು ಇಟ್ಟವರೂ ಅವರೇ. ಅದೇ ಕಟ್ಟಡದಲ್ಲಿ, ಇಲ್ಲವೇ ಪಕ್ಕದ ಕಟ್ಟಡಗಳಲ್ಲಿ ಕಳೆದ 6ರಿಂದ 12 ತಿಂಗಳಲ್ಲಿ ನೋಂದಣಿಯಾದ ಕನಿಷ್ಠ 5 ಮಾರಾಟಗಳ ಬೆಲೆ ತೆಗೆಯಿರಿ. ಜಾಹೀರಾತಿನ ಬೆಲೆ ಬೇಡ, ನೋಂದಣಿಯಾದದ್ದೇ ಬೇಕು. ಅದರಲ್ಲೂ ಬಿಲ್ಡರ್ ಮಾರಿದ್ದನ್ನು ಬಿಟ್ಟು ಮಾಲೀಕರಿಂದ ಮಾಲೀಕರಿಗೆ ಆದ ಮಾರಾಟಗಳನ್ನು ಆರಿಸಿ, ಏಕೆಂದರೆ ನಾಳೆ ನೀವು ಮಾರುವುದೂ ಹಾಗೆಯೇ.

ಹೋಲಿಕೆಗೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ನೆಲ, ಒಂದನ್ನೇ ಬಳಸಿ. ಸೂಪರ್ ಬಿಲ್ಟ್-ಅಪ್ (ಗೋಡೆ, ಕಾರಿಡಾರ್, ಲಿಫ್ಟಿನ ಪಾಲನ್ನೂ ಸೇರಿಸಿದ ಅಳತೆ) 1000 ಚದರಡಿ ಎಂದ ಮನೆಯೊಳಗೆ ಕಾಲಿಡುವ ಜಾಗ 680 ಮಾತ್ರ ಇರಬಹುದು. ಚದರಡಿಗೆ 10ರಂತೆ ಹೇಳಿದ್ದು ಆಗ ನಿಜದಲ್ಲಿ 14.7 ಆಗುತ್ತದೆ. ಎರಡು ಆಫರ್‌ಗಳಲ್ಲಿ ಯಾವುದು ಅಗ್ಗ ಎಂಬ ಉತ್ತರ ಈ ಒಂದು ಭಾಗಾಕಾರದಿಂದ ತಲೆಕೆಳಗಾಗುವುದುಂಟು.

ಹಂತ 4: ಖಾತರಿ ಬಾಡಿಗೆಯನ್ನು ಬಿಚ್ಚಿ ನೋಡಿ

ಇಡೀ ಆಫರ್‌ನಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಲೆಕ್ಕ ಹೀಗಿದೆ. ಬೆಲೆ 1000 ಎಂದಿಟ್ಟುಕೊಳ್ಳಿ, ಯಾವ ನಾಣ್ಯದಲ್ಲಾದರೂ ಸರಿ. 3 ವರ್ಷ ವರ್ಷಕ್ಕೆ ಶೇ. 8 ಖಾತರಿ, ಅಂದರೆ ವರ್ಷಕ್ಕೆ 80. ಅಂಥದೇ ಮನೆ ಖಾತರಿ ಇಲ್ಲದೆ 850ಕ್ಕೆ ಸಿಗುತ್ತಿದೆ, ಅದಕ್ಕೆ ಮಾರುಕಟ್ಟೆಯ ಬಾಡಿಗೆ ವರ್ಷಕ್ಕೆ 45.

ಬಿಲ್ಡರ್ ನಿಮ್ಮ ಮನೆಯನ್ನು 45ಕ್ಕೆ ಬಾಡಿಗೆಗೆ ಕೊಟ್ಟು, ತನ್ನ ಕಡೆಯಿಂದ 35 ಸೇರಿಸಿ 80 ಕೊಡುತ್ತಾನೆ. ಮೂರು ವರ್ಷಕ್ಕೆ ಅವನ ಕೈಯಿಂದ ಹೋಗುವುದು 105. ಆದರೆ ನಿಮ್ಮಿಂದ ಮೊದಲ ದಿನವೇ 150 ಹೆಚ್ಚಿಗೆ ತೆಗೆದುಕೊಂಡಿದ್ದಾನೆ. ನಿಮ್ಮದೇ ದುಡ್ಡನ್ನು ಕಂತಿನಲ್ಲಿ ವಾಪಸ್ ಕೊಟ್ಟು, ಉಳಿದ 45ನ್ನು ಇಟ್ಟುಕೊಳ್ಳುತ್ತಾನೆ. ನಾಲ್ಕನೇ ವರ್ಷ ಬಾಡಿಗೆ 45ಕ್ಕೆ ಇಳಿಯುತ್ತದೆ. ಆಗ ಮಾರಲು ಹೊರಟರೆ ಕೊಳ್ಳುವವರು ಆ 45ನ್ನು ನೋಡಿ ಬೆಲೆ ಕಟ್ಟುತ್ತಾರೆ, 80ನ್ನಲ್ಲ.

ಆದ್ದರಿಂದ ಮೊದಲ ಕೆಲಸ, ಖಾತರಿ ಇರುವ ಮತ್ತು ಇಲ್ಲದ ಎರಡೂ ಬೆಲೆ ಕೇಳುವುದು. "ಖಾತರಿ ಬೇಡ, ಬೆಲೆ ಎಷ್ಟು ಇಳಿಸುತ್ತೀರಿ?" ಎಂದು ನೇರವಾಗಿ ಕೇಳಿ. ಅವರು ಹೇಳುವ ವ್ಯತ್ಯಾಸವೇ ಖಾತರಿಯ ನಿಜವಾದ ಬೆಲೆ.

ಆಮೇಲೆ ಕರಾರಿನ ಪದಗಳು. 'ಅಂದಾಜು', 'ನಿರೀಕ್ಷಿತ', '…ವರೆಗೆ' ಎಂಬ ಪದಗಳಿದ್ದರೆ ಅದು ಖಾತರಿಯೇ ಅಲ್ಲ. ಶೇ. 8 ಎಂಬುದು ಮೇಂಟೆನೆನ್ಸ್ ಕಳೆದ ಮೇಲೋ, ಮೊದಲೋ? ಎಂದಿನಿಂದ ಶುರು: ನೀವು ಹಣ ಕೊಟ್ಟ ದಿನವೋ, ಕೀ ಕೊಟ್ಟ ದಿನವೋ, "ಕಟ್ಟಡ ಪೂರ್ಣ ಕಾರ್ಯಾರಂಭವಾದ" ದಿನವೋ? ಮೂರನೆಯದಕ್ಕೆ ದಿನಾಂಕವೇ ಇರುವುದಿಲ್ಲ. ಬಾಡಿಗೆ ಕೊಡುವ ಕಂಪನಿ ಕಳೆದ ತಿಂಗಳು ಹುಟ್ಟಿದ್ದೇ? ಅದರ ಬಂಡವಾಳ ಎಷ್ಟು? ಬ್ಯಾಂಕ್ ಗ್ಯಾರಂಟಿ ಇಲ್ಲವೇ ಎಸ್ಕ್ರೋದಲ್ಲಿ ಮುಂಗಡವಾಗಿ ಇಟ್ಟ ಹಣ ಇಲ್ಲದಿದ್ದರೆ ಆ ಕಂಪನಿ ಬಾಗಿಲು ಹಾಕಿದ ದಿನ ಖಾತರಿಯೂ ಮುಗಿಯಿತು. ಮನೆಗಳನ್ನು ಬಾಡಿಗೆಗೆ ನಡೆಸುವ ನಿರ್ವಾಹಕರು 60 ದಿನದ ನೋಟಿಸಿನಲ್ಲಿ ಹೊರಹೋಗಬಹುದು, ನೀವು ಮಾತ್ರ 10 ವರ್ಷ ಕಟ್ಟುಬೀಳಬೇಕು ಎಂಬಂಥ ಏಕಪಕ್ಷೀಯ ಷರತ್ತು, 5 ವರ್ಷಕ್ಕೊಮ್ಮೆ ಪೀಠೋಪಕರಣವನ್ನೆಲ್ಲ ನಿಮ್ಮ ಖರ್ಚಿನಲ್ಲಿ ಬದಲಿಸಬೇಕೆಂಬ ಷರತ್ತು ಇವೆರಡು ಹೋಟೆಲ್ ಮಾದರಿಯ ಯೋಜನೆಗಳಲ್ಲಿ ಅಡಗಿರುತ್ತವೆ.

ಎಲ್ಲ ಮನೆಗಳ ಬಾಡಿಗೆಯನ್ನು ಒಟ್ಟುಗೂಡಿಸಿ ಹಂಚುವ 'ರೆಂಟಲ್ ಪೂಲ್' ಇದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಮೆರಿಕದ ಷೇರು ನಿಯಂತ್ರಣ ಆಯೋಗ 1973ರಲ್ಲೇ ಹೇಳಿದ ಮಾತು: ಬೇರೆಯವರ ಶ್ರಮದಿಂದ ಬರುವ ಲಾಭವನ್ನು ಮುಂದಿಟ್ಟು ಪೂಲ್ ಸಮೇತ ಕಾಂಡೊ ಮಾರಿದರೆ ಅದು ಬರೀ ಮನೆಯಲ್ಲ, ಹೂಡಿಕೆ ಪತ್ರವೂ ಹೌದು. ಹಾಗಿದ್ದಲ್ಲಿ ಮಾರುವವರಿಗೆ ಬೇರೆಯೇ ನೋಂದಣಿ, ಬೇರೆಯೇ ಬಹಿರಂಗ ವಿವರಗಳ ಹೊಣೆ ಬರುತ್ತದೆ. ನಿಮ್ಮ ಆಫರ್ ಈ ವರ್ಗಕ್ಕೆ ಸೇರುತ್ತದೆಯೇ ಎಂದು ವಕೀಲರನ್ನು ಕೇಳಿ.

ಹಂತ 5: ಕೈಗೆ ಉಳಿಯುವುದೆಷ್ಟು?

ಖಾತರಿಯನ್ನು ಪಕ್ಕಕ್ಕಿಟ್ಟು ಮಾರುಕಟ್ಟೆ ಬಾಡಿಗೆಯಿಂದ ನಿಮ್ಮದೇ ಲೆಕ್ಕ ಹಾಕಿ. ಬೇರೆ ಒಂದು ಮನೆಯನ್ನು ತೆಗೆದುಕೊಳ್ಳೋಣ: ಬೆಲೆ 1000, ತಿಂಗಳ ಬಾಡಿಗೆ 5. ಬ್ರೋಷರ್ ಇದನ್ನು ವರ್ಷಕ್ಕೆ 60, ಆದಾಯ ಶೇ. 6 ಎನ್ನುತ್ತದೆ.

ವರ್ಷಕ್ಕೆ ಒಂದು ತಿಂಗಳು ಖಾಲಿ ಬಿದ್ದರೆ ಬರುವುದು 55. ಬಾಡಿಗೆ ನೋಡಿಕೊಳ್ಳುವವರ ಕಮಿಷನ್ ಶೇ. 10, ಅಂದರೆ 5.5. ಮೇಂಟೆನೆನ್ಸ್ ತಿಂಗಳಿಗೆ 0.9ರಂತೆ 10.8. ಆಸ್ತಿ ತೆರಿಗೆ 5. ವಿಮೆ 1.5. ಪೇಂಟ್, ಗೀಸರ್, ನಲ್ಲಿ, ಬಾಡಿಗೆದಾರರು ಬದಲಾದಾಗಿನ ಸಣ್ಣಪುಟ್ಟ ರಿಪೇರಿಗೆ ಒಂದು ತಿಂಗಳ ಬಾಡಿಗೆ, 5. ಖರ್ಚು ಒಟ್ಟು 27.8, ಉಳಿದದ್ದು 27.2. ನೋಂದಣಿ, ಸ್ಟಾಂಪು, ವಕೀಲರು, ಪೀಠೋಪಕರಣಕ್ಕೆ 80 ಹೋಗಿದ್ದರೆ ನಿಮ್ಮ ಹೂಡಿಕೆ 1080. ಆದಾಯ ಶೇ. 2.5. ಆದಾಯ ತೆರಿಗೆ ಇನ್ನೂ ಬಾಕಿ.

ಬೆಲೆಯ ಶೇ. 70ಕ್ಕೆ 20 ವರ್ಷದ ಸಾಲ, ಬಡ್ಡಿ ಶೇ. 8 ಎಂದಾದರೆ ವರ್ಷದ ಕಂತು ಸುಮಾರು 70. ಬಾಡಿಗೆಯಿಂದ 27 ಬರುತ್ತದೆ, ಉಳಿದ 43 ಪ್ರತಿ ವರ್ಷ ನಿಮ್ಮ ಸಂಬಳದಿಂದ. "ಬಾಡಿಗೆಯೇ ಇಎಂಐ ಕಟ್ಟುತ್ತದೆ" ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಒಮ್ಮೆ ಮಾಡಿ. ಬಡ್ಡಿ ಶೇ. 8ರಿಂದ 10ಕ್ಕೆ ಏರಿದರೆ, ಮನೆ ಮೂರು ತಿಂಗಳು ಖಾಲಿ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಸೇರಿಸಿ. ಆಗಲೂ ಕಂತು ಕಟ್ಟಲು ಸಾಧ್ಯವಾದರೆ ಮಾತ್ರ ಮುಂದುವರಿಯಿರಿ.

ಬಾಡಿಗೆ ಅಂಕಿಯನ್ನು ಮಾರಾಟದ ಏಜೆಂಟನಿಂದ ಪಡೆಯಬೇಡಿ. ಬಾಡಿಗೆಗಷ್ಟೇ ಕೊಡಿಸುವ ಇಬ್ಬರು ಬ್ರೋಕರ್‌ಗಳಿಗೆ ಫೋನ್ ಮಾಡಿ, ಈ ಕಟ್ಟಡದಲ್ಲಿ ಈಗ ಎಷ್ಟು ಮನೆ ಖಾಲಿ ಇವೆ, ಎಷ್ಟು ವಾರದಲ್ಲಿ ಹೋಗುತ್ತವೆ ಎಂದು ಕೇಳಿ.

ಹಂತ 6: ಮೇಂಟೆನೆನ್ಸ್ ತೀರಾ ಕಡಿಮೆಯಿದ್ದರೆ ಅನುಮಾನಿಸಿ

ಕಡಿಮೆ ಮೇಂಟೆನೆನ್ಸ್ ಹೂಡಿಕೆದಾರರಿಗೆ ಇಷ್ಟ, ಅದಕ್ಕೇ ಅದನ್ನು ಕಡಿಮೆ ತೋರಿಸುತ್ತಾರೆ. ಹೊಸ ಕಟ್ಟಡದಲ್ಲಿ ಸಂಘಕ್ಕೆ ಹಸ್ತಾಂತರಿಸುವವರೆಗೆ ಕೊರತೆಯನ್ನು ಬಿಲ್ಡರ್ ತುಂಬಿರುತ್ತಾನೆ. ಹಸ್ತಾಂತರವಾದ ಮರುವರ್ಷ ಶುಲ್ಕ ಜಿಗಿಯುತ್ತದೆ.

ನೀವೇ ತಾಳೆ ನೋಡಬಹುದು. ದಿನದ 24 ಗಂಟೆ ಒಬ್ಬ ಕಾವಲುಗಾರ ನಿಲ್ಲುವ ಒಂದು ಗೇಟ್ ಎಂದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂರೂವರೆ ಜನ, ರಜೆ ಸೇರಿಸಿ ನಾಲ್ಕು ಸಂಬಳ. ಎರಡು ಗೇಟು, ಒಂದು ಲಾಬಿ ಇದ್ದರೆ ಹನ್ನೆರಡು. ಇದಕ್ಕೆ ಲಿಫ್ಟ್ ಗುತ್ತಿಗೆ, ಕಾರಿಡಾರ್ ಮತ್ತು ಪಂಪಿನ ಕರೆಂಟು, ಜನರೇಟರ್ ಡೀಸೆಲ್, ಈಜುಕೊಳ, ಸ್ವಚ್ಛತೆ, ವಿಮೆ ಸೇರಿಸಿ ಮನೆಗಳ ಸಂಖ್ಯೆಯಿಂದ ಭಾಗಿಸಿ. ಬಂದ ಅಂಕಿ ಬ್ರೋಷರ್‌ನದ್ದಕ್ಕಿಂತ ಬಹಳ ಮೇಲಿದ್ದರೆ ನಿಮ್ಮ ಅಂಕಿಯನ್ನೇ ಹಂತ 5ರ ಲೆಕ್ಕದಲ್ಲಿ ಹಾಕಿ. 40 ಮನೆಯ ಕಟ್ಟಡಕ್ಕೆ ಈಜುಕೊಳ, ಜಿಮ್, ಮೂರು ಲಿಫ್ಟ್ ಎಂದರೆ ಸೌಕರ್ಯ ಹೆಚ್ಚು, ಹಂಚಿಕೊಳ್ಳುವವರು ಕಡಿಮೆ.

ದಿನದ ಖರ್ಚಿಗಿಂತ ದೊಡ್ಡದು ಮೀಸಲು ನಿಧಿ. ಹೊರಗೋಡೆಯ ಪೇಂಟ್ 5ರಿಂದ 8 ವರ್ಷಕ್ಕೆ, ಚಾವಣಿಯ ವಾಟರ್‌ಪ್ರೂಫಿಂಗ್ 10ರಿಂದ 15 ವರ್ಷಕ್ಕೆ, ಲಿಫ್ಟ್ 20ರಿಂದ 25 ವರ್ಷಕ್ಕೆ ಮತ್ತೆ ಖರ್ಚು ಕೇಳುತ್ತವೆ. ಇಷ್ಟು ಹೊತ್ತಿಗೆ ಇರಬೇಕಾದ ಮೀಸಲಿನಲ್ಲಿ ನಿಜವಾಗಿ ಎಷ್ಟಿದೆ ಎಂಬುದನ್ನು ಅಧ್ಯಯನ ವರದಿ ಶೇಕಡಾದಲ್ಲಿ ಹೇಳುತ್ತದೆ. ಶೇ. 70ಕ್ಕಿಂತ ಮೇಲಿದ್ದರೆ ಗಟ್ಟಿ, ಶೇ. 30ಕ್ಕಿಂತ ಕೆಳಗಿದ್ದರೆ ಅಪಾಯ ಎಂಬುದು ಇಂಥ ಅಧ್ಯಯನ ಮಾಡುವವರ ರೂಢಿಯ ಅಳತೆ. ಅಮೆರಿಕದ ಗೃಹಸಾಲ ಸಂಸ್ಥೆ ಫ್ಯಾನಿ ಮೇ ಬಹುಕಾಲ ಬಳಸಿದ ಅಳತೆಗಳು ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತವೆ: ವಾರ್ಷಿಕ ಬಜೆಟ್ಟಿನ ಕನಿಷ್ಠ ಶೇ. 10 ಮೀಸಲಿಗೆ ಹೋಗಬೇಕು. 60 ದಿನ ಮೀರಿದ ಬಾಕಿ ಇರುವ ಮನೆಗಳು ಶೇ. 15 ದಾಟಬಾರದು.

ಮೀಸಲು ಸಾಲದಿದ್ದರೆ ಮಾಲೀಕರ ಮೇಲೆ ಒಮ್ಮೆಗೇ ವಿಶೇಷ ವಂತಿಗೆ ಬೀಳುತ್ತದೆ. ಮುಂದೂಡಿದರೆ ಏನಾಗಬಹುದು ಎಂಬುದಕ್ಕೆ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಸುಕಿನಲ್ಲಿ ಭಾಗಶಃ ಕುಸಿದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಕಾಂಡೊ ಕಟ್ಟಡ ಸಾಕ್ಷಿ. 98 ಜನ ಸತ್ತರು. ಈಜುಕೊಳದ ಅಂಗಳದ ಅಡಿಯ ವಾಟರ್‌ಪ್ರೂಫಿಂಗ್ ಕೆಟ್ಟು ಕಾಂಕ್ರೀಟಿಗೆ ಧಕ್ಕೆಯಾಗುತ್ತಿದೆ ಎಂದು ಎಂಜಿನಿಯರ್ ವರದಿ 2018ರಲ್ಲೇ ಹೇಳಿತ್ತು. ದೊಡ್ಡ ದುರಸ್ತಿಗೆ ಮಾಲೀಕರ ವಂತಿಗೆ ಒಪ್ಪಿಗೆಯಾದದ್ದು 2021ರಲ್ಲಿ. ಮರುವರ್ಷ ಫ್ಲೋರಿಡಾ ಮೂರು ಮತ್ತು ಹೆಚ್ಚು ಮಹಡಿಯ ಹಳೆಯ ಕಾಂಡೊಗಳಿಗೆ ರಚನಾ ತಪಾಸಣೆಯನ್ನೂ ಮೀಸಲು ಅಧ್ಯಯನವನ್ನೂ ಕಡ್ಡಾಯ ಮಾಡಿತು. ಕಡ್ಡಾಯ ಇಲ್ಲದ ಊರಿನಲ್ಲೂ 20 ವರ್ಷ ದಾಟಿದ ಕಟ್ಟಡವಾದರೆ ಎಂಜಿನಿಯರ್ ವರದಿ ಕೇಳಿಯೇ ತೀರಿ.

ಹಂತ 7: ಸಭೆಯ ನಡಾವಳಿ ಓದಿ

ಬೇಸರದ ಓದು, ಆದರೆ ಇದರಷ್ಟು ನಿಜ ಹೇಳುವ ಕಾಗದ ಇನ್ನೊಂದಿಲ್ಲ. ಒಂದೇ ವಿಷಯ ಸಭೆಯಿಂದ ಸಭೆಗೆ ಸಾಗುತ್ತದೆಯೇ ನೋಡಿ. ಮಾರ್ಚ್‌ನಲ್ಲಿ "ಬಿ ಬ್ಲಾಕ್ ಬೇಸ್‌ಮೆಂಟ್ ಸೋರಿಕೆ, ಕೊಟೇಶನ್ ತರಿಸುವುದು", ಸೆಪ್ಟೆಂಬರ್‌ನಲ್ಲಿ "ಕೊಟೇಶನ್ ಹೆಚ್ಚಾಯಿತು, ಮುಂದಿನ ಸಭೆಗೆ", ಮರುವರ್ಷ "ತಾತ್ಕಾಲಿಕ ಪ್ಯಾಚ್" ಎಂದಿದ್ದರೆ ಬರಲಿರುವ ವಂತಿಗೆ ಅಲ್ಲೇ ಬರೆದಿದೆ. ಬಿಲ್ಡರ್ ವಿರುದ್ಧ ಮೊಕದ್ದಮೆ, ವಿಮೆ ಕಂಪನಿ ನವೀಕರಿಸಲು ಒಪ್ಪದಿರುವುದು, ಖಜಾಂಚಿ ಪದೇಪದೇ ರಾಜೀನಾಮೆ ಕೊಡುವುದು, ಮೀಸಲಿನಿಂದ ದಿನದ ಖರ್ಚಿಗೆ "ಸಾಲ" ಇವನ್ನು ಗುರುತು ಹಾಕಿಕೊಳ್ಳಿ. ನಡಾವಳಿಯೇ ಇಲ್ಲ ಎಂದರೆ ಅಲ್ಲಿ ಸಂಘ ನಡೆಯುತ್ತಿಲ್ಲ.

ಹಂತ 8: ಬಾಡಿಗೆಗೆ ಕೊಡಲು ಬಿಡುತ್ತಾರೆಯೇ?

ಸಂಘದ ಬೈಲಾ ಬಾಡಿಗೆಗೆ ಕೊಡಬಹುದಾದ ಮನೆಗಳ ಸಂಖ್ಯೆಗೆ ಮಿತಿ ಹಾಕಿರಬಹುದು, ಕೊಂಡ ಮೇಲೆ ಒಂದೆರಡು ವರ್ಷ ಬಾಡಿಗೆ ನಿಷೇಧಿಸಿರಬಹುದು. ದಿನಬಾಡಿಗೆಯ ಲೆಕ್ಕದಲ್ಲಿ ಲಾಭ ತೋರಿಸಿದ್ದರೆ ಊರಿನ ಕಾನೂನನ್ನೂ ನೋಡಿ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಅಲ್ಪಾವಧಿ ಬಾಡಿಗೆಯ ನೋಂದಣಿ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದಿತು. 30 ದಿನಕ್ಕಿಂತ ಕಡಿಮೆ ಅವಧಿಗೆ ಪೂರ್ತಿ ಮನೆಯನ್ನು ಬಿಟ್ಟುಕೊಡುವ ವ್ಯವಹಾರ ಅಲ್ಲಿ ಬಹುತೇಕ ನಿಂತಿತು. ದಿನಬಾಡಿಗೆ ನಿಂತರೂ ತಿಂಗಳ ಬಾಡಿಗೆಯಲ್ಲಿ ಲೆಕ್ಕ ನಿಲ್ಲಬೇಕು.

ಹೊರದೇಶದಲ್ಲಿ ಕೊಳ್ಳುವವರು ಮಾಲೀಕತ್ವದ ಬಗೆಯನ್ನು ಖಚಿತಪಡಿಸಿಕೊಳ್ಳಿ. ಥಾಯ್ಲೆಂಡಿನಲ್ಲಿ ಒಂದು ಕಾಂಡೊ ಕಟ್ಟಡದ ಮಾರಾಟದ ವಿಸ್ತೀರ್ಣದಲ್ಲಿ ಶೇ. 49 ಮಾತ್ರ ವಿದೇಶಿಯರ ಹೆಸರಿಗೆ ಆಗಬಹುದು. ಆ ಪಾಲು ತುಂಬಿದ್ದರೆ ನಿಮಗೆ ಕೊಡುತ್ತಿರುವುದು ಗುತ್ತಿಗೆ ಹಕ್ಕಷ್ಟೇ ಆಗಿರಬಹುದು.

ಹಂತ 9: ಮಾರಬೇಕೆಂದಾಗ ಕೊಳ್ಳುವವರು ಯಾರು?

ಬಿಲ್ಡರ್ ಬಳಿ ಇನ್ನೂ ಮಾರದ ಮನೆಗಳಿದ್ದರೆ ನೀವು ಅವರ ಜೊತೆಗೇ ಪೈಪೋಟಿಗಿಳಿಯಬೇಕು. ಅವರ ಕೈಯಲ್ಲಿ ಡಿಸ್ಕೌಂಟ್, ಜಾಹೀರಾತು ಎರಡೂ ಇದೆ. ಮನೆಗಳೆಲ್ಲ ಹೂಡಿಕೆದಾರರದ್ದೇ ಆಗಿದ್ದರೆ ಮಾರುಕಟ್ಟೆ ಬಿದ್ದಾಗ ಎಲ್ಲರೂ ಒಟ್ಟಿಗೇ ಮಾರಲು ಬರುತ್ತಾರೆ. ಒಬ್ಬರೇ ಬಹಳ ಮನೆ ಹಿಡಿದಿದ್ದರೆ ಸಭೆಯ ಮತ ಅವರದ್ದು. ಕಟ್ಟಡಕ್ಕೆ ಬ್ಯಾಂಕುಗಳು ಸಾಲ ಕೊಡುತ್ತವೆಯೇ ಎಂದು ಬಿಲ್ಡರ್ ಜೊತೆ ಒಪ್ಪಂದವಿಲ್ಲದ ಎರಡು ಬ್ಯಾಂಕುಗಳಲ್ಲಿ ವಿಚಾರಿಸಿ. ಅವು ಹಿಂದೇಟು ಹಾಕಿದರೆ ನಾಳೆ ನಿಮ್ಮಿಂದ ಕೊಳ್ಳುವವರಿಗೂ ಸಾಲ ಸಿಗದು. 'ಬೈ-ಬ್ಯಾಕ್', ಅಂದರೆ ಬಿಲ್ಡರ್ ತಾನೇ ಮರಳಿ ಕೊಳ್ಳುತ್ತೇನೆ ಎಂಬ ಭರವಸೆಗೆ ಹಂತ 4ರ ಪರೀಕ್ಷೆಯೇ ಅನ್ವಯ.

ಹಂತ 10: ವಕೀಲರು, ಎಂಜಿನಿಯರ್, ಆಮೇಲೆ ಸಹಿ

ಇಲ್ಲಿಯವರೆಗೆ ಉಳಿದ ಆಫರ್‌ಗೆ ಮಾತ್ರ ದುಡ್ಡು ಖರ್ಚು ಮಾಡಿ. ವಕೀಲರು ನಿಮ್ಮವರಾಗಿರಬೇಕು, ಬಿಲ್ಡರ್ ಸೂಚಿಸಿದವರಲ್ಲ. ಅವರಿಗೆ ಈ ಅಂಶಗಳನ್ನು ಗುರುತು ಹಾಕಿ ಕೊಡಿ: ಹಸ್ತಾಂತರ ತಡವಾದರೆ ಬಿಲ್ಡರ್ ಕೊಡುವ ಬಡ್ಡಿ, ನಿಮ್ಮ ಕಂತು ತಡವಾದರೆ ನೀವು ಕೊಡುವ ಬಡ್ಡಿ (ಎರಡೂ ಸಮವೇ?), ನಕ್ಷೆ ಮತ್ತು ಅಳತೆ ಬದಲಿಸುವ ಹಕ್ಕು, ಏಜೆಂಟ್ ಹೇಳಿದ ಯಾವ ಮಾತಿಗೂ ಬಿಲ್ಡರ್ ಹೊಣೆಯಲ್ಲ ಎಂಬ ಷರತ್ತು. ಕೊನೆಯದು ಇದ್ದರೆ, ನೀವು ನಂಬಿಕೊಂಡಿರುವ ಪ್ರತಿ ಭರವಸೆಯನ್ನೂ ಕರಾರಿನೊಳಗೆ ಬರೆಸಿ. ಬರೆಯಲು ಒಪ್ಪದ ಭರವಸೆ ಇಲ್ಲವೆಂದೇ ತಿಳಿಯಿರಿ.

ಟೋಕನ್ ಆಗಲೇ ಕೊಟ್ಟಿದ್ದರೆ ಸಹಿ ಹಾಕಿದ ದಿನಾಂಕವನ್ನು ಮೊದಲು ನೋಡಿ. ಕೆಲವೆಡೆ ಕಾರಣ ಕೊಡದೆ ಹಿಂದೆ ಸರಿಯುವ ಅವಧಿ ಇದೆ: ಒಂಟಾರಿಯೊದಲ್ಲಿ ಬಿಲ್ಡರ್‌ನಿಂದ ಕೊಂಡ ಹೊಸ ಕಾಂಡೊಗೆ 10 ದಿನ, ಫ್ಲೋರಿಡಾದಲ್ಲಿ 15 ದಿನ. ಅವಧಿಯೊಳಗಿದ್ದರೆ ರದ್ದತಿಯನ್ನು ಕರಾರಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ವಿಧಾನದಲ್ಲೇ ಲಿಖಿತವಾಗಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಏಜೆಂಟನಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ನೋಟಿಸು ಎಂದು ನಂಬಿ ಕೂರಬೇಡಿ. ಅಂಥ ಅವಧಿ ಇಲ್ಲದ ಕಡೆ ಮುಂದಿನ ಕಂತು ಕಟ್ಟುವ ಮೊದಲೇ ವಕೀಲರನ್ನು ಕಾಣಿ. ಮೊದಲ ಹಂತದಲ್ಲಿ ನೀವು ಕೇಳಿಯೂ ಬಿಲ್ಡರ್ ಕೊಡದ ದಾಖಲೆಗಳ ಬಗೆಗಿನ ಇಮೇಲ್‌ಗಳನ್ನು ಜೊತೆಗೆ ಒಯ್ಯಿರಿ.